ನಾಣ್ಯದ ನಡುವೆ ನಿಂತ ಮಗು

ಪೊರ್ಬುಲ ಬಲಗೈಯ ಹೆಬ್ಬೆರಳೂ ತೋರುಬೆರಳೂ ಯಾವತ್ತೂ ಒಂದಕ್ಕೊಂದು ತಾಗುತ್ತಿರಲಿಲ್ಲ. ನಡುವೆ ಅಂಗಿಯ ಗುಂಡಿ ಹಿಡಿಯುವಷ್ಟು ಜಾಗ ಬಿಟ್ಟುಕೊಂಡೇ ಇರುತ್ತಿದ್ದವು. ಮಾರುಕಟ್ಟೆಯಲ್ಲಿ ಬಂಗುಡೆ ಮೀನು ಆರಿಸುವಾಗಲೂ ಹಾಗೆಯೇ, ಭಾನುವಾರ ಬಿಳಿ ಅಂಗಿ ಹಾಕಿ ಇಗರ್ಜಿಯ ಪೂಜೆಗೆ ಹೊರಟಾಗಲೂ ಹಾಗೆಯೇ. ಕೈಯಲ್ಲಿ ಏನೂ ಇಲ್ಲದಿದ್ದರೂ ಏನನ್ನೋ ಅಂಚಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದಾರೆ ಎಂದು ಕಾಣಬೇಕು. ಅದು ಎಂತದ್ದು ಎಂದು ನನಗೆ ತಿಳಿಯಲು ಅವರ ಪಕ್ಕದ ಮನೆಗೆ ಬಂದು ಎರಡು ವರ್ಷ ಬೇಕಾಯಿತು.

ನಾವು ತುಳುವರು ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಲು ಎನ್ನುತ್ತೇವೆ, ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ. ಹಾಗಾಗಿ ಇಲ್ಲಿಯೂ ಅವರು ಪೊರ್ಬುಲು, ಅವರ ಹೆಂಡತಿ ಬಾಯಮ್ಮ. ಕಂಕನಾಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟು ಪಾಗಾರ ಗೋಡೆ, ಅಷ್ಟೆ. ನಾನು ಓದಿದ್ದು ಮೂರನೇ ಕ್ಲಾಸು. ಮತ್ತೆಲ್ಲ ಬೀಡಿ ಕಟ್ಟಿದ್ದು. ಇಷ್ಟು ಉದ್ದ ಬರೆಯಲು ಕೂತದ್ದು ಇದೇ ಮೊದಲು. ಮೊನ್ನೆ ಶನಿವಾರ ನನ್ನ ಮೊಮ್ಮಗಳು ತಂದ ಸುದ್ದಿ ಕೇಳಿದಲ್ಲಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ, ಹಾಲು ತರಲು ಹೋದವಳು ಹಾಲಿನವನಿಗೂ ಹೇಳಿ ಬಂದೆ. ಆದರೆ ಪೊರ್ಬುಲು ಯಾರೆಂದು ಹೇಳದೆ ಆ ಸುದ್ದಿ ಹೇಳಿದರೆ ನಿಮಗೆ ಏನೂ ಅನ್ನಿಸಲಿಕ್ಕಿಲ್ಲ.

ಅವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಬಹಳ ವರ್ಷ ತಮಿಳುನಾಡಿನ ಕರೂರು ಕಡೆ ಕೆಲಸ. ಅಲ್ಲಿ ಹೊಳೆಯ ಮರಳಿನಲ್ಲಿ ಹಳೇ ತಾಮ್ರದ ಬಿಲ್ಲೆಗಳು ಸಿಗುತ್ತಿದ್ದವಂತೆ. ಊರಿನವರು ಅದನ್ನು ಗುಜರಿ ಅಂಗಡಿಗೆ ತೂಕಕ್ಕೆ ಹಾಕುತ್ತಿದ್ದರಂತೆ. ಗಾಡಿ ನಿಂತ ಹೊತ್ತಿನಲ್ಲಿ ಇವರು ಗುಜರಿ ಅಂಗಡಿಯಲ್ಲಿ ಕೂತು ಆರಿಸುತ್ತಿದ್ದರು. ಎಲ್ಲ ರೋಮಿನ ರಾಜರ ನಾಣ್ಯ. ಹದಿನೈದು ಹದಿನಾರು ನೂರು ವರ್ಷದ ಹಿಂದೆ ಕರಿಮೆಣಸಿಗೆ, ಬಟ್ಟೆಗೆ ಎಂದು ಹಡಗಿನಲ್ಲಿ ಬಂದ ಚಿಲ್ಲರೆ. ರಿಟೈರ್ ಆಗಿ ಮಂಗಳೂರಿಗೆ ಬರುವಾಗ ಟ್ರಂಕಿನಲ್ಲಿ ಬಟ್ಟೆಗಿಂತ ಅದೇ ಹೆಚ್ಚು ಇತ್ತು ಎಂದು ಬಾಯಮ್ಮ ಹೇಳುತ್ತಿದ್ದರು.

ಅವರ ಜಗಲಿಗೆ ಬೆಳಗ್ಗಿನ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ನಾನು ಬೀಡಿಯ ತಡ್ಪೆ, ಅಂದರೆ ಮೊರ, ಹಿಡಿದುಕೊಂಡು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಒಂದು ಕೊನೆಯಲ್ಲಿ ನಾನು ಎಲೆ ಕತ್ತರಿಸುವುದು, ಇನ್ನೊಂದು ಕೊನೆಯಲ್ಲಿ ಅವರು ಭೂತಗನ್ನಡಿ ಹಿಡಿದು ನಾಣ್ಯ ನೋಡುವುದು. ಒಂದೊಂದು ನಾಣ್ಯಕ್ಕೆ ಒಂದೊಂದು ಪುಟ್ಟ ಲಕ್ಕೋಟೆ. ಯಾವ ರಾಜ, ಹಿಂದೆ ಯಾವ ಚಿತ್ರ ಎಂದು ಗೊತ್ತಾದರೆ ಲಕ್ಕೋಟೆಯ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದರು. ಗೊತ್ತಾಗದಿದ್ದರೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ.

"ಇವರಿಗೆ ಸತ್ತ ರಾಜರ ಮೂಗು ಎಲ್ಲ ನೆನಪುಂಟು," ಎನ್ನುತ್ತಿದ್ದರು ಬಾಯಮ್ಮ, ಚಾ ತಂದಿಟ್ಟು. "ಮದುವೆಯ ದಿನ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ, ಕೇಳಿ ನೋಡಿ."

"ಬಿಳಿ," ಎನ್ನುತ್ತಿದ್ದರು ಪೊರ್ಬುಲು, ತಲೆ ಎತ್ತದೆ.

"ನಮ್ಮಲ್ಲಿ ಎಲ್ಲರೂ ಬಿಳಿಯೇ ಉಡುವುದು ಮಾರಾಯ್ರೆ."

ಒಂದು ಕ್ರಿಸ್ಮಸ್ಸಿನ ಹಿಂದಿನ ವಾರ ನಾನೊಂದು ದೊಡ್ಡ ತಪ್ಪು ಮಾಡಿದೆ. ಪ್ರತಿ ವರ್ಷ ಅವರ ಮನೆಯಿಂದ ನಮಗೆ ಕುಸ್ವಾರ್ ತಿಂಡಿಯ ತಟ್ಟೆ ಬರುತ್ತಿತ್ತು. ತಿರುಗಿ ಕೊಡಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ. ಅವತ್ತು ಅವರಿಬ್ಬರೂ ಪೇಟೆಗೆ ಹೋಗಿದ್ದರು. ಜಗಲಿಯಲ್ಲಿ ಪೇಪರಿನ ಮೇಲೆ ನಾಣ್ಯಗಳು ಒಣಗುತ್ತಿದ್ದವು, ಹಸಿರು ಹಿಡಿದು, ಪಾಚಿ ಕಟ್ಟಿದ ಹಾಗೆ. ನನಗೆ ಪಾಪ ಅನ್ನಿಸಿತು. ಮನೆಯಿಂದ ಹುಣಸೆ ಹುಳಿ, ಒಲೆಯ ಬೂದಿ ತಂದೆ. ದೇವರ ದೀಪ ತಿಕ್ಕುವ ಹಾಗೆ ತಿಕ್ಕಿದೆ. ಚಿನ್ನದ ಹಾಗೆ ಫಳಫಳ ಆಯಿತು. ಸಾಲಾಗಿ ಇಟ್ಟು ಅವರು ಬರುವುದನ್ನೇ ಕಾಯುತ್ತ ಕೂತೆ.

ಪೊರ್ಬುಲು ಬಂದವರು ಚೀಲ ಕೆಳಗೆ ಇಡಲಿಲ್ಲ. ನಿಂತಲ್ಲೇ ನೋಡಿದರು.

"ಎಂತ ಮಾಡಿದ್ರಿ ಅಕ್ಕ?"

ನನಗಿಂತ ಹತ್ತು ವರ್ಷ ದೊಡ್ಡವರಾದರೂ ಅಕ್ಕ ಎಂದೇ ಕರೆಯುತ್ತಿದ್ದರು.

"ತೊಳೆದೆ ಪೊರ್ಬುಲೇ. ಹುಳಿ ಹಾಕಿ."

"ಎಷ್ಟು?"

"ಹನ್ನೊಂದು. ಉಳಿದದ್ದಕ್ಕೆ ಹುಳಿ ಸಾಕಾಗಲಿಲ್ಲ."

ಅವರು ಒಳಗೆ ಹೋದರು. ಹೊರಗೆ ಬರಲಿಲ್ಲ. ಬಾಯಮ್ಮ ಬಂದು ಮೆಲ್ಲಗೆ ಹೇಳಿದರು, ಆ ಹಸಿರು ಕೊಳೆ ಅಲ್ಲ, ಅದು ನಾಣ್ಯದ ಚರ್ಮ, ಅದನ್ನು ತೆಗೆದರೆ ಮೂಗು ಕಣ್ಣು ಅಕ್ಷರ ಎಲ್ಲ ಅದರೊಟ್ಟಿಗೇ ಹೋಗ್ತದೆ ಎಂದು. ನನಗೆ ಭೂಮಿಗೆ ಇಳಿದು ಹೋದ ಹಾಗಾಯಿತು. ಎರಡು ದಿನ ಆ ಜಗಲಿಗೆ ಕಾಲಿಡಲಿಲ್ಲ. ಮೂರನೆಯ ದಿನ ಪಾಗಾರದ ಆಚೆಯಿಂದ ದನಿ ಬಂತು.

"ಅಕ್ಕ, ಬೀಡಿ ಕಟ್ಟಲಿಕ್ಕೆ ಎಂತ ಬರುವುದಿಲ್ಲ? ಬಿಸಿಲು ಸುಮ್ಮನೆ ಹಾಳಾಗ್ತಾ ಉಂಟು."

ಹೋದೆ. ನನ್ನ ತಡ್ಪೆಯ ಪಕ್ಕ ಒಂದು ಭೂತಗನ್ನಡಿ ಇಟ್ಟಿದ್ದರು. ಅವತ್ತಿನಿಂದ ನನ್ನ ಪಾಠ ಸುರುವಾಯಿತು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಾಣದಿದ್ದರೆ ತಿಕ್ಕಬಾರದು, ಬಿಸಿಲಿಗೆ ಓರೆ ಮಾಡಿ ಮೆಲ್ಲ ಮೆಲ್ಲ ತಿರುಗಿಸಬೇಕು. ಆಗ ಸವೆದ ಗೆರೆಗೂ ಒಂದು ಸಣ್ಣ ನೆರಳು ಬೀಳುತ್ತದೆ. ಆ ನೆರಳನ್ನು ನೋಡಬೇಕು. ನಾನು ತಿಕ್ಕಿದ ಹನ್ನೊಂದನ್ನು ಅವರು ಎಸೆಯಲಿಲ್ಲ. ಒಂದು ಲಕ್ಕೋಟೆಗೆ ಹಾಕಿ ಪೆನ್ನಿನಲ್ಲೇ ಬರೆದರು: "ಹುಣಸೆ ಹುಳಿ, ೧೧."

ನಾನು ಏನಾದರೂ ಊಹಿಸಿ ಹೇಳಿದರೆ ಬಿಡುತ್ತಿರಲಿಲ್ಲ. "ಗೊತ್ತಿರುವುದು ಹೇಳ್ಬೇಡಿ ಅಕ್ಕ, ಕಾಣುವುದು ಹೇಳಿ," ಎನ್ನುತ್ತಿದ್ದರು. ನನಗೆ ಗೊತ್ತಿರುವುದೇ ಇರಲಿಲ್ಲವಾದ್ದರಿಂದ ಅದು ಕಷ್ಟವಾಗಲಿಲ್ಲ.

ನನ್ನನ್ನು ಯಾಕೆ ಕೂರಿಸಿದರು ಎಂದು ಮತ್ತೆ ತಿಳಿಯಿತು. ಅವರ ಕಣ್ಣು ಹೋಗುತ್ತಿತ್ತು. ಹಿಂದಿನ ನರ ಒಣಗುತ್ತಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನಾಣ್ಯಗಳನ್ನೆಲ್ಲ ಒಂದು ಕಾಲೇಜಿನ ಮ್ಯೂಸಿಯಮ್ಮಿಗೆ ಕೊಡುವುದೆಂದು ಅವರು ಮಾತಾಡಿ ಆಗಿತ್ತು. ಆದರೆ ಹೆಸರು ಇದ್ದದ್ದು ಮಾತ್ರ ಗಾಜಿನ ಪೆಟ್ಟಿಗೆಗೆ, ಹೆಸರಿಲ್ಲದ್ದು ಒಳಗಿನ ಡ್ರಾಯರಿಗೆ. "ಡ್ರಾಯರಿಗೆ ಹೋದರೆ ಪುನಃ ಮಣ್ಣಿಗೆ ಹೋದ ಹಾಗೆಯೇ," ಎನ್ನುತ್ತಿದ್ದರು. ಆಗ ಪೆನ್ಸಿಲಿನ ಲಕ್ಕೋಟೆಗಳು ನಲವತ್ತರ ಹತ್ತಿರ ಇದ್ದವು. ಕಣ್ಣು ಮುಚ್ಚಿಹೋಗುವ ಮೊದಲು ಒಂದೂ ಉಳಿಯಬಾರದು ಎಂಬುದು ಅವರ ಹಠ.

ನಾನು ಚಿತ್ರ ನೋಡುವುದು. ಒಂದನೇ ಕ್ಲಾಸಿನ ಮೊಮ್ಮಗಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅವಳು ಅಕ್ಷರ ಓದುವುದು. ಪೊರ್ಬುಲು ಕಣ್ಣು ಮುಚ್ಚಿ ಕೇಳಿ ಹೆಸರು ಹೇಳುವುದು.

ಒಂದು ನಾಣ್ಯ ಅವರನ್ನು ಇಪ್ಪತ್ತು ವರ್ಷ ಸತಾಯಿಸಿತ್ತು. ಮೊಮ್ಮಗಳು ಅದರಲ್ಲಿ ನಾಲ್ಕು ಅಕ್ಷರ ಓದಿದಳು, ಜಿ, ಎಲ್, ಓ, ಆರ್.

"ಗ್ಲೋರಿಯಾ," ಎಂದರು ಪೊರ್ಬುಲು. "ನಾವು ಪೂಜೆಯಲ್ಲಿ ಹೇಳುವುದು ಅದೇ. ಕೀರ್ತಿ ಅಂತ. ಆದರೆ ಯಾರ ಕೀರ್ತಿ? ಸೈನ್ಯದ್ದೂ ಉಂಟು, ರೋಮಿನವರದ್ದೂ ಉಂಟು. ಮುಂದಿನ ಅಕ್ಷರ ಸವೆದು ಹೋಗಿದೆ. ನಾನು ಸೈನ್ಯ ಅಂತ ಗ್ರಹಿಸಿದ್ದೆ. ಇಬ್ಬರು ಸಿಪಾಯಿಗಳು, ನಡುವೆ ಬಾವುಟದ ಕಂಬ. ಆದರೆ ನನಗೇ ಧೈರ್ಯ ಇಲ್ಲ."

ಮಳೆ ಬಿಟ್ಟ ಒಂದು ಬೆಳಗ್ಗೆ. ಬಿಸಿಲು ತೊಳೆದಿಟ್ಟ ಹಾಗಿತ್ತು. ಆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ತಿರುಗಿಸಿದೆ. ಒಮ್ಮೆ ಕಂಡಿತು, ಹೋಯಿತು, ಪುನಃ ಕಂಡಿತು.

"ಕಂಬ ಅಲ್ಲ ಪೊರ್ಬುಲೇ."

"ಮತ್ತೆಂತ?"

"ಕಂಬಕ್ಕೆ ಸೊಂಟ ಇರುವುದಿಲ್ಲ. ಇದಕ್ಕೆ ಸೊಂಟ ಉಂಟು. ಎರಡು ಕಾಲು ಉಂಟು. ಇದು ಮಗು. ಆಚೆ ಈಚೆ ದೊಡ್ಡವರು ನಿಂತು ಇದನ್ನೇ ನೋಡ್ತಾ ಇದ್ದಾರೆ."

ಅವರು ಕಣ್ಣು ತೆರೆದರು. "ಎಷ್ಟು ಎತ್ತರ?"

"ದೊಡ್ಡವರ ಎದೆಯಷ್ಟು. ಇವಳಷ್ಟೇ," ಎಂದು ಮೊಮ್ಮಗಳನ್ನು ತೋರಿಸಿದೆ.

ಬಾಯಮ್ಮನಿಗೆ ದಪ್ಪ ಪುಸ್ತಕ ತರಲು ಹೇಳಿದರು. ಬಾಯಮ್ಮ ಓದುತ್ತ ಹೋದರು, ಇವರು ಬೇಡ, ಮುಂದೆ, ಮುಂದೆ ಎನ್ನುತ್ತ ಹೋದರು. ಒಂದು ಕಡೆ ಅವರ ಕೈ ಎದ್ದು ನಿಂತಿತು, ಆ ಎರಡು ಬೆರಳು ಹಾಗೆಯೇ. ರೋಮಿನಲ್ಲಿ ಅಣ್ಣ ತಮ್ಮ ಇಬ್ಬರು ರಾಜ್ಯ ಹಂಚಿಕೊಂಡು ಆಳುತ್ತಿದ್ದರಂತೆ. ಅಣ್ಣನ ಮಗನಿಗೆ ತೊಟ್ಟಿಲಲ್ಲೇ ಪಟ್ಟ ಕಟ್ಟಿದ್ದರಂತೆ. ಮೂವರೂ ಒಟ್ಟಿಗೆ ರಾಜರಾಗಿದ್ದಾಗ ಹಾಕಿಸಿದ ನಾಣ್ಯ ಅದು, ಕೀರ್ತಿ ರೋಮಿನವರದ್ದು. ನಡುವಿನವನಿಗೆ ಆಗ ಆರು ವರ್ಷ ಇರಬಹುದಂತೆ.

"ನನ್ನಷ್ಟೇ," ಎಂದಳು ಮೊಮ್ಮಗಳು. "ಅವ ಶಾಲೆಗೆ ಹೋಗ್ತಾನಾ?"

"ಇಲ್ಲ ಪುಟ್ಟಿ. ಅವನಿಗೆ ಟೀಚರ್ ಮನೆಗೇ ಬರ್ತಾರೆ."

"ಹಾಗಾದ್ರೆ ನಾನೂ ರಾಜ ಆಗ್ತೇನೆ."

"ಇಪ್ಪತ್ತು ವರ್ಷ ಮಗುವನ್ನು ಹಿಡಿದು ಕಂಬ ಅಂದ್ರಲ್ಲ," ಎಂದರು ಬಾಯಮ್ಮ. "ನಮ್ಮ ಮಕ್ಕಳು ದೊಡ್ಡವರಾದದ್ದು ಇವರಿಗೆ ಕಾಣದ್ದು ಸುಮ್ಮನೆ ಅಲ್ಲ."

ಪೊರ್ಬುಲು ನಾಣ್ಯಗಳ ಪಟ್ಟಿ ಬರೆಯುವ ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದರು. ನೀವೇ ಬರೆಯಿರಿ ಎಂದರು. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಎಂದೆ. ಕೇಳಲಿಲ್ಲ. "ಇಬ್ಬರು ದೊಡ್ಡವರು, ನಡುವೆ ಮಗು" ಎಂದು ಬರೆದೆ. ಕೆಳಗೆ ಅವರು ಸರಿಯಾಗಿ ಕಾಣದ ಕಣ್ಣಿನಲ್ಲಿ ತಡವಿ ತಡವಿ "ಕಂಡವರು" ಎಂದು ಬರೆದು, ಅದರ ಮುಂದೆ ನನ್ನ ಸಹಿ ಹಾಕಿಸಿದರು. ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿನ ಪುಸ್ತಕ ಬಿಟ್ಟರೆ ನನ್ನ ಹೆಸರು ಬೇರೆಲ್ಲೂ ನಾನು ಬರೆದದ್ದಿರಲಿಲ್ಲ.

ಹಾಗೆ ಪೆನ್ಸಿಲಿನವು ಒಂದೊಂದೇ ಕಡಿಮೆಯಾದವು. ಅವರಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುವ ಹೊತ್ತಿಗೆ ನಾಲ್ಕು ಉಳಿದವು. ಗಟ್ಟಿ ಮಣ್ಣು ಹಿಡಿದವು, ಯಾವ ಬಿಸಿಲಿಗೂ ಬಗ್ಗಲಿಲ್ಲ. ಹೆಸರು ಸಿಕ್ಕಿದ್ದೆಲ್ಲ ಕಾಲೇಜಿಗೆ ಹೋಯಿತು. ಆ ನಾಲ್ಕನ್ನು ಅವರು ತಲೆದಿಂಬಿನ ಹತ್ತಿರ ಇಟ್ಟುಕೊಂಡರು, ದಿನಕ್ಕೊಮ್ಮೆ ಅಂಚು ಮುಟ್ಟಿ ನೋಡುತ್ತಿದ್ದರು. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬೆರಳಿಗೆ ಜಪಮಾಲೆ ಸುತ್ತಿದ್ದರು. ಆದರೂ ಆ ಎರಡು ಬೆರಳು ಕೂಡಿರಲಿಲ್ಲ. ಬಾಯಮ್ಮ ಕೂಡಿಸಲು ಹೋದವರು ಬಿಟ್ಟುಬಿಟ್ಟರು. "ಇರಲಿ, ಏನೋ ಹಿಡ್ಕೊಂಡಿದ್ದಾರೆ," ಎಂದರು.

ಅಂದು ಅಕ್ಷರ ಓದುತ್ತಿದ್ದ ಮೊಮ್ಮಗಳು ಈಗ ಅದೇ ಕಾಲೇಜಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಾಳೆ. ಬಾಯಮ್ಮನನ್ನು ಕೇಳಿ ಆ ನಾಲ್ಕನ್ನು ತೆಗೆದುಕೊಂಡು ಹೋಗಿ, ಶುದ್ಧ ನೀರಿನಲ್ಲಿ ಹಾಕಿ, ವಾರಕ್ಕೊಮ್ಮೆ ನೀರು ಬದಲಾಯಿಸುತ್ತ ತಿಂಗಳುಗಟ್ಟಲೆ ಕಾದಳು. ಮೊನ್ನೆ ಶನಿವಾರ ಒಂದನ್ನು ಹತ್ತಿಯಲ್ಲಿ ಸುತ್ತಿ ಬಾಯಮ್ಮನ ಜಗಲಿಗೆ ತಂದಳು. ನನ್ನನ್ನು ಕರೆದಳು.

"ಹುಳಿ ಹಾಕ್ಲಿಲ್ಲ ತಾನೇ?" ಎಂದು ಕೇಳಿದೆ.

"ಸುಮ್ಮನಿರಿ ಅಜ್ಜಿ. ಗೊತ್ತಿರುವುದು ಹೇಳ್ಬೇಡಿ, ಕಾಣುವುದು ಹೇಳಿ."

ಅದೇ ಮಾತು, ಅದೇ ರಾಗ. ಅಂಚಿನಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿದೆ.

"ಒಂದು ಹೆಂಗಸು," ಎಂದೆ. "ಬೆನ್ನಿಗೆ ರೆಕ್ಕೆ ಉಂಟು. ಹೆಗಲ ಮೇಲೆ ಹೊರೆ. ಬಿರಬಿರನೆ ನಡೀತಾ ಇದ್ದಾಳೆ. ಇನ್ನೊಂದು ಕೈಯಲ್ಲಿ ಯಾರನ್ನೋ ಎಳ್ಕೊಂಡು ಹೋಗ್ತಾ ಇದ್ದಾಳೆ. ಬರುವುದಿಲ್ಲ ಅಂತ ನೆಲಕ್ಕೆ ಕೂತಿದೆ ಅದು. ನಾನು ನಿನ್ನನ್ನು ಶಾಲೆಗೆ ಎಳ್ಕೊಂಡು ಹೋದ ಹಾಗೆ."

ಮೊಮ್ಮಗಳು ನಕ್ಕು ನಕ್ಕು ನನ್ನ ಮಡಿಲಿಗೇ ಬಿದ್ದಳು. ಅದು ಜಯದೇವತೆಯಂತೆ, ಸೆರೆಯಾಳನ್ನು ಎಳೆದುಕೊಂಡು ಹೋಗುವುದಂತೆ. ಅವಳು ಕಂಡದ್ದೂ ಅದೇ, ಅವಳ ಪ್ರೊಫೆಸರರೂ ಸರಿ ಎಂದಿದ್ದಾರೆ. ಬರುವ ವಾರ ಅದು ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ಪಟ್ಟಿಯ ಪುಸ್ತಕದಲ್ಲಿ "ಕಂಡವರು" ಎಂಬಲ್ಲಿ ಅವಳು ತನ್ನ ಹೆಸರು ಬರೆದು ಪೆನ್ನು ನನಗೆ ಕೊಟ್ಟಳು. ಅವಳ ಹೆಸರಿನ ಪಕ್ಕ ನನ್ನ ಕೋಳಿ ಅಕ್ಷರ.

ಬಾಯಮ್ಮ ಲಕ್ಕೋಟೆ ತೆಗೆದುಕೊಂಡು ರಬ್ಬರಿನಿಂದ ಆ ಪ್ರಶ್ನೆ ಚಿಹ್ನೆಯನ್ನು ಉಜ್ಜಿದರು. ಪುಡಿಯನ್ನು ಊದಿದರು.

"ನಾಳೆ ಇಗರ್ಜಿಯಿಂದ ಬರುವಾಗ ಸಮಾಧಿಯ ಹತ್ರ ಹೋಗಿ ಹೇಳಿ ಬರ್ತೇನೆ," ಎಂದರು. "ಒಂದು ಸಿಕ್ಕಿತು ಅಂತ ಮಾತ್ರ ಹೇಳುವುದು. ಇನ್ನು ಮೂರು ಉಂಟು ಅಂತ ಹೇಳಿದ್ರೆ ಎದ್ದು ಬಂದಾರು."