ತಿಂಗಳಿಗೊಂದು ಪುಸ್ತಕ

ಹೊಸ ವರ್ಷದಲ್ಲಿ ಇಷ್ಟು ಪುಸ್ತಕ ಓದಿಯೇ ತೀರುತ್ತೇನೆ ಎಂದು ಮೊಮ್ಮಗಳು ಇವತ್ತು ಹೇಳಿದಾಗ ನನಗೆ ಪುಟ್ಟಕ್ಕ ನೆನಪಾದಳು.

ನೆಲಮಂಗಲದ ಹತ್ತಿರದ ನಮ್ಮೂರಲ್ಲಿ ಆಗ ನಾಲ್ಕನೇ ತರಗತಿಗೆ ಹೆಣ್ಣುಮಕ್ಕಳ ಓದು ಮುಗಿಯುತ್ತಿತ್ತು. ಒಂದು ಯುಗಾದಿಯ ದಿನ, ಬೇವುಬೆಲ್ಲ ಹಂಚುತ್ತಿದ್ದ ಅಪ್ಪನಿಗೆ ಅಕ್ಕ ಹೇಳಿದಳು: "ಅಪ್ಪಾ, ಈ ವರ್ಷ ತಿಂಗಳಿಗೊಂದು ಪುಸ್ತಕ ಓದ್ತೀನಿ. ಮೇಷ್ಟ್ರು ಕೊಡ್ತೀನಿ ಅಂದವ್ರೆ."

"ಓದ್ಕೊಳವ್ವ," ಎಂದು ಅಪ್ಪ ನಕ್ಕರು.

ಅವ್ವ ರಾಗಿ ಬೀಸುವಾಗ ಅಕ್ಕ ಕಲ್ಲಿನ ಸದ್ದನ್ನೂ ಮೀರಿಸಿ ಓದುತ್ತಿದ್ದಳು. ಕಥೆಯಲ್ಲಿ ಯಾರಾದರೂ ಅತ್ತರೆ ಅವ್ವನ ಕೈ ನಿಲ್ಲುತ್ತಿತ್ತು. ಮೂರನೆಯ ಪುಸ್ತಕ ಅರ್ಧವಾಗಿದ್ದಾಗ ಬೂದಿಗೆರೆಯಿಂದ ಗಂಡು ಬಂತು. ಮದುವೆಗೆ ಮೊದಲೇ ಪುಸ್ತಕ ಮೇಷ್ಟ್ರ ಮನೆಗೆ ವಾಪಸ್ಸಾಯಿತು.

ಅಕ್ಕ ಚೊಚ್ಚಲ ಹೆರಿಗೆಗೆ ಬಂದಾಗ ನಾನು ಓಡಿಹೋಗಿ ಅದನ್ನೇ ತಂದುಕೊಟ್ಟೆ. ಅವಳು ಬಹಳ ಹೊತ್ತು ಒಂದೇ ಪುಟ ನೋಡುತ್ತ ಕುಳಿತಳು.

"ಅಲ್ಲಿ ಪುಸ್ತಕ ಮುಟ್ಟಿದ್ರೆ ಅತ್ತೆ ಬೈತಾರೆ ಕಣೇ. ಮತ್ಯಾಕೆ ರುಚಿ ಹತ್ತಿಸ್ಕೊಳ್ಳೋದು?" ಎಂದು ಅದನ್ನು ಮುಚ್ಚಿ ನನ್ನ ಕೈಗಿಟ್ಟಳು. ಒಲೆಯ ಮುಂದಿದ್ದ ಅವ್ವ ಇತ್ತ ತಿರುಗಲೇ ಇಲ್ಲ.

ಅಕ್ಕ ಎಂಬತ್ತು ದಾಟಿ ಬದುಕಿದಳು. ಅವಳ ಕೈಯಲ್ಲಿ ಪುಸ್ತಕವನ್ನು ನಾನು ಮತ್ತೆ ಕಾಣಲಿಲ್ಲ.

ಈಗ ನನಗೂ ಕಣ್ಣು ಮಂಜು. ನಾನು ಹೇಳಿದ್ದನ್ನು ಸೊಸೆ ಟೈಪ್ ಮಾಡುತ್ತಿದ್ದಾಳೆ. ನಡುನಡುವೆ ಅವಳ ಬೆರಳು ನಿಂತುಬಿಡುತ್ತದೆ.