ಕಲಾಯಿ ದಸ್ತಗೀರಸಾಬರು ಈ ವರ್ಷ ಬರಲಿಲ್ಲ

ಈ ವಾರ ನಮ್ಮ ಮನೆಯಲ್ಲಿ ಸಾರು ಮಾಡಿಲ್ಲ.

ಬೇಳೆ ಇದೆ, ಹುಣಸೆಹಣ್ಣು ಇದೆ, ಮಾಡುವವರೂ ಇದ್ದಾರೆ. ಇಲ್ಲದಿರುವುದು ಕಲಾಯಿ. ಹಿತ್ತಾಳೆ ಪಾತ್ರೆಯ ಒಳಗಿನ ತವರದ ಲೇಪ ಹೋಯಿತೆಂದರೆ ಹುಳಿ ಹಾಕಿದ್ದಕ್ಕೆಲ್ಲ ಕಿಲುಬು ಹತ್ತುತ್ತದೆ. ಹಾಗಾಗಿ ಎರಡು ಹೊತ್ತೂ ರೊಟ್ಟಿ, ಚಟ್ನಿ, ಮೊಸರು. (ದೂರು ಹೇಳುತ್ತಿಲ್ಲ. ದೂರು ಹೇಳಿದರೆ ಮೊಸರೂ ಹೋಗುತ್ತದೆ.)

ಪ್ರತಿ ವರ್ಷ ದಸರೆಗೆ ಮುಂಚೆ ಕಲಾಯಿ ದಸ್ತಗೀರಸಾಬರು ಓಣಿಗೆ ಬಂದು ಕೂಗುತ್ತಾರೆ. ಈ ವರ್ಷ ಬರಲಿಲ್ಲ.

"ಅವರ ಮನೀಗೆ ಹೋಗಿ ನೋಡ್ಕೊಂಡು ಬರ್ರಿ. ನೀವು ಕುಂತು ಅಂಕಣ ಬರದ್ರ ಪಾತ್ರಿ ಬೆಳ್ಳಗ ಆಗಂಗಿಲ್ಲ" ಎಂದಳು ಹೆಂಡತಿ. ನನ್ನ ಬರಹದ ಬಗ್ಗೆ ಇಷ್ಟು ಸರಿಯಾದ ವಿಮರ್ಶೆ ಇದುವರೆಗೆ ಯಾರೂ ಮಾಡಿಲ್ಲ.

ಅದೇ ಸಂಜೆ ಮಗ ಅಶೋಕ ಕಾಲೇಜಿನಿಂದ ಕುಣಿಯುತ್ತ ಬಂದ. ಬಿ.ಎ. ಓದುತ್ತಿದ್ದಾನೆ, ಮನಶ್ಶಾಸ್ತ್ರ ತೆಗೆದುಕೊಂಡಿದ್ದಾನೆ. (ಯಾಕೆ ಅಂತ ನಾನೂ ಕೇಳಿ ಸುಮ್ಮನಾದೆ.) ಹೋದ ವರ್ಷ ಅದರಲ್ಲೇ ಮುಗ್ಗರಿಸಿದ್ದ. ಈ ಸಲವೂ ಬಿದ್ದರೆ ಕಾಲೇಜು ಬಿಡಿಸುತ್ತೇನೆ ಎಂದು ಹೇಳಿದ್ದೆ.

"ಅಪ್ಪಾ, ಪ್ರ್ಯಾಕ್ಟಿಕಲ್‌ನ್ಯಾಗ ಇಪ್ಪತ್ತಕ್ಕ ಇಪ್ಪತ್ತು. ಸರ್ ರಿಸರ್ಚಿಗೆ ಕೆಲಸ ಮಾಡಿದ್ದಕ್ಕ."

ಸರ್ ಎಂದರೆ ಅವನ ಪ್ರೊಫೆಸರರು. ಡಾಕ್ಟರೇಟಿಗೆ ಬರೆಯುತ್ತಿದ್ದಾರೆ. ವಿಷಯ: ಗಾಳಿಮಾತು ಹೇಗೆ ಹಬ್ಬುತ್ತದೆ. ನೆರವಾದ ಹುಡುಗರಿಗೆ ಪ್ರ್ಯಾಕ್ಟಿಕಲ್ ಮಾರ್ಕ್ಸು. ಕೆಲಸವೂ ಸುಲಭ. ಸಂತೆಯ ದಿನ ಸಿದ್ಧೇಶ್ವರ ಗುಡಿಯ ಹತ್ತಿರದ ಚಹಾದಂಗಡಿಯಲ್ಲಿ ಕುಳಿತು, ಪ್ರೊಫೆಸರರು ಹೇಳಿಕೊಟ್ಟ ಒಂದೇ ಒಂದು ಮಾತನ್ನು ನಾಲ್ಕು ಜನಕ್ಕೆ ಕೇಳುವಂತೆ ಆಡಬೇಕು: "ಹಳ್ಳಿ ಮ್ಯಾಲೆ ಯಾರೋ ಒಬ್ಬಾಂವ ಸಣ್ಣ ಹುಡುಗರ ಎತ್ತರ ಅಳ್ಯಾಕ ಬರಾಕತ್ತಾನಂತ."

ಅಷ್ಟೇ. ಆಮೇಲೆ ಒಬ್ಬೊಬ್ಬ ಹುಡುಗ ಒಂದೊಂದು ಊರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯಬೇಕು. ಮಾತು ಯಾವ ವೇಷದಲ್ಲಿ ಬಂದು ಮುಟ್ಟುತ್ತದೆ ಎಂದು ಕೇಳಿಸಿಕೊಳ್ಳಬೇಕು.

ಚಹಾದಂಗಡಿಯಲ್ಲಿ ಮಾತು ಬಿಟ್ಟವನು ನಮ್ಮ ಅಶೋಕ. ಮಾಸ್ತರ ಮಗ, ಸಾಧು ಮುಖ. ಯಾರು ನಂಬುವುದಿಲ್ಲ?

"ತಿಕೋಟಾಕ್ಕ ಮುಟ್ಟೂದ್ರಾಗ ಅವನ ಹೆಗಲಿಗೆ ಚೀಲ ಬಂದಿತ್ತು ಅಪ್ಪಾ. ಸಾರವಾಡದಾಗ, ಆ ಚೀಲದಾಗ ಹುಡುಗರನ್ನ ಹಾಕ್ಕೊಂಡು ಹೋಗ್ತಾನ ಅಂದ್ರು. ಬಬಲೇಶ್ವರದಾಗಂತೂ, ಹೊಳಿಗೆ ಕಟ್ಟೋ ಬ್ರಿಜ್ಜಿನ ಪಾಯಾಕ್ಕ ಬಲಿ ಕೊಡಾಕ ಹುಡುಗರು ಬೇಕಾಗ್ಯಾರಂತ."

ಹೇಳುತ್ತ ನಕ್ಕ. ನಾನೂ ನಕ್ಕೆ. ಆ ಹೊತ್ತಿಗೆ ಅದು ನಗುವ ಮಾತೇ ಆಗಿತ್ತು.

ಭಾನುವಾರ ಪಾತ್ರೆಗಳನ್ನು ಚೀಲಕ್ಕೆ ತುಂಬಿ ಅಶೋಕನ ಹೆಗಲಿಗೆ ಏರಿಸಿ ದಸ್ತಗೀರಸಾಬರ ಮನೆಗೆ ಹೋದೆವು. ಅವರು ಹೊರಸಿನ ಮೇಲೆ ಮಲಗಿದ್ದರು. ಒಂದು ಕಣ್ಣು ಬಾತು ಮುಚ್ಚಿತ್ತು. ಬಲಗೈಗೆ ಮೊಣಕೈಯಿಂದ ಬೆರಳಿನವರೆಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಅವರ ಹೆಂಡತಿ ಫಾತಿಮಾಬಿ ನಮ್ಮ ಚೀಲ ನೋಡಿ ಒಳಗೆ ಹೋದಳು.

"ಏನಾತ್ರಿ ಸಾಬ್ರ?"

"ಏನ್ ಹೇಳ್ಲಿ ಮಾಸ್ತರ್ರ. ಕಾಖಂಡಕಿ ದಾಟಿ ಒಂದು ಹಳ್ಳಿಗೆ ಹೋಗಿದ್ದೆ." (ಊರಿನ ಹೆಸರು ಬರೆಯುವುದಿಲ್ಲ. ಯಾವ ಊರಾದರೂ ಅದನ್ನೇ ಮಾಡುತ್ತಿತ್ತು.)

ಕಲಾಯಿ ಮಾಡುವುದನ್ನು ನೀವು ನೋಡಿದ್ದೀರಿ. ಮರದ ಬುಡದಲ್ಲಿ ಒಂದು ಸಣ್ಣ ಕುಣಿ ತೋಡಿ, ಇದ್ದಲು ತುಂಬಿ, ತಿದಿ ಹೂಡುತ್ತಾರೆ. ಹೊಗೆ ಏಳುತ್ತದೆ, ಕಪ್ಪು ಪಾತ್ರೆ ಕಣ್ಣೆದುರೇ ಬೆಳ್ಳಗಾಗುತ್ತದೆ. ಊರಿನ ಹುಡುಗರೆಲ್ಲ ಸುತ್ತ ಕೂತು ನೋಡುತ್ತಾರೆ. ನಾವೂ ನೋಡಿದವರೇ.

ಈಗ ಅದನ್ನೇ ಬಬಲೇಶ್ವರದ ಸುದ್ದಿ ಕೇಳಿ ಬಂದವರ ಕಣ್ಣಿನಿಂದ ನೋಡಿ. ಹೊರಗಿನವನು. ಪಕ್ಕದಲ್ಲಿ ಚೀಲ. ಎದುರಿಗೆ ಕುಣಿ. ಸುತ್ತ ಮಕ್ಕಳು.

"ಒಬ್ಬಾಂವ ಬಂದು, ಈ ಕುಣಿ ಯಾರಿಗೋ ಸಾಬಾ ಅಂದ. ಈ ಹುಡುಗರಿಗೇ ಅಂದೆ ನಾನು. ಪ್ರತಿ ವರ್ಷ ಹಂಗ ನಗ್ಯಾಡಾಂವ ನಾ. ಹುಡುಗ್ರು ಹೋ ಅಂತ ಓಡ್ತಿದ್ವು, ಮತ್ತ ಬಂದು ಕುಂಡ್ರತಿದ್ವು. ಈ ಸಲ ಯಾರೂ ನಗಲಿಲ್ಲ."

ಹೊಡೆದವರು ಗುರುತಿನವರೇ. ವರ್ಷವರ್ಷವೂ ಸಾಬರಿಗೆ ರೊಟ್ಟಿ ಕೊಟ್ಟ ಮನೆಯವರು.

"ಅವರದೇನು ತಪ್ಪಿಲ್ಲ ಬಿಡ್ರಿ. ಮಕ್ಕಳ ಮ್ಯಾಲಿನ ಜೀವ. ಅವರ ಜಾಗಾದಾಗ ನಾ ಇದ್ರ ನಾನೂ ಹೊಡೀತಿದ್ದೆ."

ಎಲುಬು ಕೂಡುತ್ತದಂತೆ. ಬೆರಳು ಮಡಚುವುದಿಲ್ಲವಂತೆ. ಕಾದ ಪಾತ್ರೆಯೊಳಗೆ ಅರಳೆಯ ಉಂಡೆ ಹಿಡಿದು ತವರ ತಿಕ್ಕುವ ಬೆರಳುಗಳು ಅವು. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಫಾತಿಮಾಬಿ ಈಗ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ.

ಫಾತಿಮಾಬಿ ತಂದುಕೊಟ್ಟ ಚಹಾ ಅಶೋಕನ ಕೈಯಲ್ಲೇ ಆರಿಹೋಯಿತು. ವಾಪಸ್ ಬರುವಾಗ ಪಾತ್ರೆಯ ಚೀಲವನ್ನು ಹೆಗಲಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಬಂದ.

ಸೋಮವಾರ ಹೋಗಿ ಪ್ರೊಫೆಸರರಿಗೆ ಹೇಳಿದನಂತೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರಂತೆ. "ಅಯ್ಯೋ ಪಾಪ" ಎಂದರಂತೆ. ಆಮೇಲೆ, "ಆದರೆ ವೆರಿ ಇಂಟರೆಸ್ಟಿಂಗ್. ಕಾಖಂಡಕಿಯ ಆಚೆಗೆ ನಾವು ಯಾರನ್ನೂ ನಿಲ್ಲಿಸಿರಲಿಲ್ಲ, ನೋಡು. ನೀನು ಆ ಮನುಷ್ಯನನ್ನು ಇನ್ನೊಮ್ಮೆ ಕಂಡು ವಿವರ ತೆಗೆದುಕೊಂಡು ಬಾ. ಇನ್ನೈದು ಮಾರ್ಕ್ಸ್ ಹಾಕೋಣ."

ಇಪ್ಪತ್ತಕ್ಕೆ ಇಪ್ಪತ್ತೈದು. (ಗಣಿತವೂ ಸಂಶೋಧನೆಗೆ ದಾರಿ ಬಿಡುತ್ತದೆ.)

ಅವರು ಕೆಟ್ಟವರಲ್ಲ. ಯಾರಿಗೂ ನೋವಾಗದ ಮಾತಿರಲಿ ಎಂದೇ ಆ ಮಾತನ್ನು ಆರಿಸಿದ್ದರಂತೆ. ಅದಕ್ಕೆ ಚೀಲ ತೊಡಿಸಿದವರು ನಾವು, ಬಸ್ಸಿನಲ್ಲಿ ಕೂತವರು. ಬಲಿ ಸೇರಿಸಿದವರೂ ನಾವೇ. ಒಬ್ಬೊಬ್ಬರೂ ಚೂರುಚೂರೇ ಸೇರಿಸಿದ್ದು, ಹಾಗಾಗಿ ಯಾರಿಗೂ ತಾನು ಸುಳ್ಳು ಹೇಳಿದೆ ಅನಿಸುವುದಿಲ್ಲ. ಕಳೆದ ವಾರ ನೀವು ಏನು ಸೇರಿಸಿದಿರಿ, ನೆನಪಿದೆಯೇ? ನನಗೂ ಇಲ್ಲ. ಅದೇ ನನಗೆ ಹೆದರಿಕೆ.

"ನಾ ಅವರಿಗೆ ಖರೇ ಹೇಳ್ತೀನಿ, ನೀವೂ ಬರ್ರಿ" ಎಂದ ಅಶೋಕ. ನಿನ್ನೆ ಸಂಜೆ ಮತ್ತೆ ಹೋದೆವು. ಮಗ ಹೊರಸಿನ ಬದಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಮಾತು ಕಟ್ಟಿದ್ದು, ಚಹಾದಂಗಡಿಯಲ್ಲಿ ಆಡಿದ್ದು, ಮಾರ್ಕ್ಸು ಸಿಕ್ಕಿದ್ದು. ಅಂಥ ಮನುಷ್ಯ ಯಾರೂ ಇಲ್ಲ ಎಂದು ಎರಡೆರಡು ಸಲ ಹೇಳಿದ. ಅವರು ಬೈಯಲಿ, ಹೊಡೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ದಸ್ತಗೀರಸಾಬರು ಎಡಗೈಯನ್ನು ಅವನ ತಲೆಯ ಮೇಲಿಟ್ಟರು.

"ಮಾಸ್ತರ್ರ, ನಿಮ್ಮ ಮಗಂದು ಮನಸು ಭಾಳ ಮಿದು ನೋಡ್ರಿ. ನನಗ ಸಮಾಧಾನ ಆಗ್ಲಿ ಅಂತ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾನ. ಕಾಲೇಜ ಕಲತವರು ಅಂಥಾ ಕೆಲಸ ಯಾಕ ಮಾಡ್ತಾರ?"

"ಇಲ್ರಿ ಚಾಚಾ, ಖರೇ ನಾನ ಹೇಳಿದ್ದು."

ಅವರು ದನಿ ತಗ್ಗಿಸಿದರು. "ಅಂವ ಅದಾನ ತಮ್ಮಾ. ಜನ ತಪ್ಪಿ ನನ್ನ ಹಿಡದ್ರು, ಅಷ್ಟ. ನಮ್ಮ ಓಣ್ಯಾಗ ಅವನ್ನ ಕಂಡವರು ಅದಾರ. ನೀ ಹಳ್ಳಿ ಮ್ಯಾಲೆ ತಿರುಗಾಂವ, ಹುಷಾರಿರು."

ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಹೊರಗೆ ಆಡಲು ಬಿಡು ಎಂದು ಅವರ ಮೊಮ್ಮಗ ಅಳುತ್ತಿದ್ದ. ಫಾತಿಮಾಬಿ ಬಿಡಲಿಲ್ಲ.

ಮಾತನ್ನು ಬಿಟ್ಟು ಬಂದವನಿಗೆ ಇಪ್ಪತ್ತು ಕೊಟ್ಟಿರಿ, ಪ್ರೊಫೆಸರರೇ. ಅದನ್ನು ಹಿಡಿದು ವಾಪಸ್ ತರುವವನಿಗೆ ಎಷ್ಟು ಕೊಡುತ್ತೀರಿ?