ಅತ್ತೆಯನ್ನು ಹೊರಲು ಹೊಸ ಪ್ರೊಪೆಲರ್

ನಮ್ಮ ಪುಟ್ಟ ವಿಮಾನಕ್ಕೆ ಹೊಸ ಪ್ರೊಪೆಲರ್ ಹಾಕಿಸಬೇಕಾಗಿ ಬಂದದ್ದು ನಮ್ಮ ಅತ್ತೆಯ ತೂಕದಿಂದ. ಇದನ್ನು ಅವರೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಹಾಗಾಗಿ ನಾನು ಬರೆದರೆ ತಪ್ಪಿಲ್ಲ.

ಮದುವೆಗೆ ಮುಂಚೆಯೇ ವಿಮಾನ ಹಾರಿಸಲು ಕಲಿತವಳು ನಾನು. ನನ್ನ ಗಂಡನಿಗೆ ಯಾವ ಮೋಟಾರು ಕಂಡರೂ ಬಿಚ್ಚಿ ನೋಡುವ ಹುಚ್ಚು. ಇಂಥ ಇಬ್ಬರು ಗಂಟುಬಿದ್ದ ಮೇಲೆ ಸಿಂಗಟಗೆರೆ ಕಡೆಯ ನಮ್ಮ ಹೊಲದಲ್ಲಿ ರಾಗಿ ಬೆಳೆಯುವುದು ನಿಂತು, ಎರಡು ಸೀಟಿನ ಹಳೆಯ ವಿಮಾನವೊಂದು ಬಂದು ನಿಂತಿತು. ಪರವಾನಗಿಯ ಕಥೆ ಇಲ್ಲಿ ಬೇಡ. ಅದನ್ನು ನೆನೆದರೆ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ.

ಆ ವರ್ಷ ಬುಕ್ಕಾಂಬುಧಿ ಕೆರೆ ತುಂಬಿ ಕೋಡಿ ಬಿತ್ತು. ಅದು ಅತ್ತೆಯ ತವರು. ಅಲ್ಲೇ ಇರುವ ಅವರ ತಂಗಿ ಫೋನಿನಲ್ಲಿ ಕೆರೆಯನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆ ಸುಮ್ಮನಿರದೆ, ಕೋಡಿ ನಿಲ್ಲುವುದರೊಳಗೆ ವಿಮಾನದಲ್ಲೇ ಬಂದು ನೋಡುತ್ತೇನೆ, ನೀನು ಏರಿಯ ಮೇಲೆ ನಿಂತಿರು ಎಂದುಬಿಟ್ಟರು. ತಂಗಿ ನಕ್ಕರು. ನಗಬಾರದಿತ್ತು. ಅವತ್ತಿನಿಂದ ಅತ್ತೆಗೆ ನಿದ್ದೆ ಹತ್ತಲಿಲ್ಲ. ಊಟ ಮಾತ್ರ ಚೆನ್ನಾಗಿಯೇ ಸೇರುತ್ತಿತ್ತು, ನಮ್ಮ ಕಷ್ಟವೂ ಅದೇ ಆಗಿತ್ತು.

ಅವರನ್ನು ಕೂರಿಸುವ ಮೊದಲು ಅವರಷ್ಟೇ ತೂಕದ ರಾಗಿ ಮೂಟೆಯನ್ನು ಪಕ್ಕದ ಸೀಟಿಗೆ ಬಿಗಿದು ಓಡಿಸಿ ನೋಡಿದೆ. ಹೊಲದ ಕೊನೆಯ ತೆಂಗಿನ ಸಾಲು ಹತ್ತಿರ ಬಂದರೂ ಚಕ್ರ ನೆಲ ಬಿಡಲಿಲ್ಲ, ಎಂಜಿನ್ ತಗ್ಗಿಸಿ ನಿಲ್ಲಿಸಿದೆ. ಅತ್ತೆಗೆ ವಿಮಾನ ಏಳದಿದ್ದಕ್ಕಿಂತ, ತಮ್ಮ ಜಾಗದಲ್ಲಿ ಮೂಟೆ ಕೂತಿದ್ದೇ ದೊಡ್ಡ ಅವಮಾನ.

ಪ್ರೊಪೆಲರ್ ಗಾಳಿಯನ್ನು ಕೊರೆದುಕೊಂಡು ಹೋಗುತ್ತದೆ, ಸ್ಕ್ರೂ ಮರದೊಳಗೆ ಇಳಿಯುವ ಹಾಗೆ. ಒಂದು ಸುತ್ತು ತಿರುಗಿದರೆ ಎಷ್ಟು ಮುಂದೆ ಹೋಗಬೇಕು ಎನ್ನುವುದೇ ಪಿಚ್. ನಮ್ಮದರ ಪಿಚ್ ಹೆಚ್ಚು. ಮೇಲೆ ಹೋದ ಮೇಲೆ ಚೆನ್ನಾಗಿ ಓಡುತ್ತಿತ್ತು, ಏರುವುದಕ್ಕೆ ಮಾತ್ರ ಸೋಮಾರಿ. ಬೈಕಾದರೆ ಗೇರು ಬದಲಿಸಬಹುದು, ಇದರ ಅಲಗು ತಿರುಗಿಸುವ ಹಾಗಿಲ್ಲ. ಮರದ್ದಾದ್ದರಿಂದ ತಿರುಚಿ ಸರಿಮಾಡುವುದೂ ಆಗುವುದಿಲ್ಲ. ಹಾಗಾಗಿ ಕಡಿಮೆ ಪಿಚ್‌ನ ಹೊಸದನ್ನೇ ಮಾಡಿಸಿ ತರಿಸಿದೆವು.

ಅದು ಬಂದದ್ದು ನವರಾತ್ರಿಯ ಹೊತ್ತಿಗೆ. ನನ್ನ ಗಂಡ ನಡುಮನೆಯಲ್ಲಿ ಗೋಣಿ ಹಾಸಿ ಮಲಗಿಸಿದ್ದನ್ನು ಕಂಡು ಅತ್ತೆ ಬೆಚ್ಚಿಬಿದ್ದರು. "ಒನಕೆನ ಯಾರಾದ್ರೂ ಮಲಗಿಸ್ತಾರೇನೋ? ದಾಟಿಬಿಟ್ರೆ ಏನ್ ಗತಿ?" ಎಂದವರೇ ಅದನ್ನು ದೇವರ ಮನೆಯ ಮೂಲೆಗೆ ಒಯ್ದು, ಒನಕೆಯ ಪಕ್ಕದಲ್ಲಿ ನೆಟ್ಟಗೆ ಒರಗಿಸಿದರು. ಆಯುಧಪೂಜೆ ಆಗುವ ತನಕ ವಿಮಾನಕ್ಕೆ ಹಾಕಕೂಡದೆಂದು ಅಪ್ಪಣೆಯೂ ಆಯಿತು. ದಿನಾ ಬೆಳಗ್ಗೆ ನೆಲ ತೊಳೆದು, ಅದರ ಬುಡಕ್ಕೆ ಧಾರಾಳವಾಗಿ ನೀರು ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವಿಡುತ್ತಿದ್ದರು. ನಾನು ಫೋಟೊ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ.

ಹಬ್ಬ ಕಳೆದ ಮೇಲೆ ಅದನ್ನು ಒರೆಸಿ, ಬೋಲ್ಟು ಬಿಗಿದು, ಎಂಜಿನ್ ಶುರುಮಾಡಿದೆವು. ವಿಮಾನ ಗಡಗಡ ನಡುಗಿತು. ಮೀಟರಿನ ಮುಳ್ಳುಗಳು ಕುಣಿದವು, ನನ್ನ ಹಲ್ಲುಗಳೂ ಕುಣಿದವು. ಆಫ್ ಮಾಡಿ ಇಳಿದವಳೇ ಪ್ರೊಪೆಲರ್ ಮಾಡಿದವರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ಇಷ್ಟು ದಿನ ಅದನ್ನು ಹೇಗೆ ಇಟ್ಟಿದ್ದಿರಿ ಎಂದಷ್ಟೇ ಕೇಳಿದರು. ಹೇಳಿದೆ. ಆ ಕಡೆ ಹಿಂಡು ಜನ ನಕ್ಕ ಸದ್ದು ಕೇಳಿತು.

ಮರದ ಪ್ರೊಪೆಲರನ್ನು ಮಲಗಿಸಿಯೇ ಇಡಬೇಕಂತೆ. ಅಲಗಿನ ತುದಿಯ ತಗಡಿನಲ್ಲಿ, ಮರದ ತೇವ ಹೊರಗೆ ಬರಲೆಂದು ಸಣ್ಣ ತೂತುಗಳಿರುತ್ತವೆ. ನಮ್ಮ ಮನೆಯಲ್ಲಿ ಅವುಗಳ ಮೂಲಕ ಪೂಜೆಯ ನೀರು ಒಳಗೆ ಹೋಗಿತ್ತು. ಬಿಚ್ಚಿ ತಂದು, ನಡುವಿನ ತೂತಿಗೆ ಸಲಾಕೆ ತೂರಿಸಿ, ಎರಡು ಕುರ್ಚಿಗಳ ನಡುವೆ ಇಟ್ಟೆವು. ಹೇಗೆ ತಿರುಗಿಸಿಟ್ಟರೂ ನೀರು ಕುಡಿದು ಭಾರವಾದ ಅದೇ ಅಲಗು ಮೆಲ್ಲಗೆ ಕೆಳಗೆ ಬಂದು ನಿಲ್ಲುತ್ತಿತ್ತು. ಅತ್ತೆಯ ಮುಖ ಸಣ್ಣದಾಯಿತು. ಕೋಡಿಯ ನೀರು ಇಳಿಯುತ್ತಿದೆ ಎಂದು ತಂಗಿ ದಿನವೂ ಫೋನ್ ಮಾಡುತ್ತಿದ್ದರು.

ಮಲಗಿಸಬೇಕು, ಯಾರೂ ದಾಟಬಾರದು, ಬೆಚ್ಚಗೆ ಗಾಳಿಯಾಡಬೇಕು. ಜಾಗ ಹೇಳಿದ್ದು ಅತ್ತೆಯೇ: ಕೊಬ್ಬರಿ ಅಟ್ಟ. ವರ್ಷವಿಡೀ ತೆಂಗಿನಕಾಯಿಯ ನೀರು ತಾನಾಗಿ ಬತ್ತಿ ಕೊಬ್ಬರಿಯಾಗುವ ಜಾಗ. ಕಾಯಿಗಳ ಮೇಲೆ ಹಲಗೆ ಹಾಕಿ ಪ್ರೊಪೆಲರನ್ನು ಮಲಗಿಸಿದೆವು. ನನ್ನ ಗಂಡ ಅಟ್ಟ ಹತ್ತಿದಾಗಲೆಲ್ಲ ಅದನ್ನು ಮಗುಚಿ ಹಾಕೆಂದು ಅತ್ತೆ ಕೆಳಗಿನಿಂದ ಕೂಗುತ್ತಿದ್ದರು. ದಿನವೂ ಇಳಿಸಿ ಸಲಾಕೆಯ ಮೇಲೆ ಇಟ್ಟು ನೋಡುವುದು, ಮತ್ತೆ ಹತ್ತಿಸುವುದು. ಕೊನೆಗೊಂದು ಬೆಳಗ್ಗೆ ಅದು ಇಟ್ಟಲ್ಲಿ ಇಟ್ಟ ಹಾಗೆ ನಿಂತಿತು. ನಾನು ಅತ್ತೆಯ ಎರಡೂ ಕೈ ಹಿಡಿದು ನಡುಮನೆಯಲ್ಲೇ ಗಿರಗಿರ ತಿರುಗಿದೆ. ಅವರು ತಲೆ ಸುತ್ತುತ್ತದೆ ಎಂದು ಬೈಯುತ್ತಲೇ ನನಗಿಂತ ಜೋರಾಗಿ ತಿರುಗಿದರು.

ಅಳವಡಿಸಿದೆವು, ಎಂಜಿನ್ ನಡುಗಲಿಲ್ಲ. ಮೊದಲು ರಾಗಿ ಮೂಟೆ ಹಾರಿತು, ಆಮೇಲೆ ಅತ್ತೆ. ತೆಂಗಿನ ಗರಿಗಳು ಕೆಳಗಾದದ್ದೇ ಅವರ ಬಾಯಿ ಬಿಚ್ಚಿತು. ಅದು ಯಾರ ತೋಟ, ಇದು ಯಾರ ಹೊಸ ಮನೆ, ಹೆಡ್‌ಫೋನಿನಲ್ಲಿ ನನ್ನ ಕಿವಿ ತೂತಾಯಿತು. ಎಡಗಡೆ ದೂರದಲ್ಲಿ ತರೀಕೆರೆಯ ಬೆಟ್ಟಗಳು. ಮುಂದೆ ನೋಡನೋಡುತ್ತಲೇ ಕೆರೆ ಕಾಣಿಸಿತು. ಕೋಡಿಯಲ್ಲಿ ಇನ್ನೂ ಒಂದು ಪದರ ನೀರು ಹೊಳೆಯುತ್ತಿತ್ತು. ಏರಿಯ ಮೇಲೆ ಹಸಿರು ಸೀರೆಯ ಹೆಂಗಸೊಬ್ಬರು ಟವೆಲ್ ಬೀಸುತ್ತಾ ಕುಣಿಯುತ್ತಿದ್ದರು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಒಂದು ಸುತ್ತು ಮುಗಿಯುವಾಗ ಅವರ ಮಾತು ನಿಂತಿತ್ತು. ಹೆದರಿದರೇನೋ ಎಂದು ತಿರುಗಿ ನೋಡಿದೆ. ಅವರು ನಮ್ಮೂರಿನ ದಿಕ್ಕು ನೋಡುತ್ತಿದ್ದರು.

"ಇಷ್ಟೇ ದೂರಾನೇನೇ? ನಮ್ಮವ್ವಂಗೆ ಹುಷಾರಿಲ್ದಾಗ, ದೂರ ಆಯ್ತದೆ, ಹಬ್ಬಕ್ಕೆ ಹೋದ್ರಾಯ್ತು ಅಂತ ಈ ಮನೆಯೋರು ಕಳಿಸ್ಲೇ ಇಲ್ಲ ಕಣೇ."

ನಾನು ವಿಮಾನವನ್ನು ಊರಿನ ಕಡೆ ತಿರುಗಿಸದೆ ಕೆರೆಯ ಮೇಲೆ ಇನ್ನೊಂದು ಸುತ್ತು ಹಾಕಿದೆ.